ಎರಡು ಗಾಲಿ ಮೇಲೋ, ನಾಲ್ಕು ಗಾಲಿ ಮೇಲೋ?

ನಿಜಾಮರ ಕಾಲದಲ್ಲಿ ನಮ್ಮ ಯಲಬುರ್ಗಾದಲ್ಲಿ ಎತ್ತು, ಕುದುರೆ ಇಲ್ಲದೆ ಓಡುವ ಸ್ವಂತ ಗಾಡಿಗಳು ಎರಡೇ. ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ನಮ್ಮ ಡಾಕ್ಟರದು; ಮೋಟಾರು ಕಾರು ಹತ್ತಿ ವ್ಯಾಪಾರದ ಸಾಹುಕಾರರದು. ಎರಡೇ ಆದರೂ ಫಜೀತಿಗೆ ಎಂದೂ ಕೊರತೆ ಇರಲಿಲ್ಲ. ನಾನು ಡಾಕ್ಟರ ಕಾಂಪೌಂಡರ್. ಔಷಧದ ಪೆಟ್ಟಿಗೆ ಹಿಡಿದು ಅವರ ಬೆನ್ನಿಗೆ ಅಂಟಿಕೊಂಡು ಕೂರುವವನು. ಹಾಗಾಗಿ ಬಹಳಷ್ಟು ಫಜೀತಿಗಳನ್ನು ಬಿದ್ದೇ ಕಂಡಿದ್ದೇನೆ.

ಎರೆಮಣ್ಣಿನ ಮರ್ಯಾದೆ

ಮಂಗಳೂರಿನಲ್ಲಿ (ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು) ಒಬ್ಬ ರೈತನಿಗೆ ಜ್ವರ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಗಾಲಿಗೆ ಮೆತ್ತಿ ಫಟಫಟಿ ನಿಲ್ಲುತ್ತಿತ್ತು, ನಾವಿಬ್ಬರು ಮಾತ್ರ ಮುಂದೆ ಹೋಗಿ ಕೆಸರಿಗೆ ಬೀಳುತ್ತಿದ್ದೆವು. ದಾರಿಯುದ್ದಕ್ಕೂ ಇದೇ. ರೋಗಿಯ ಮನೆ ಮುಟ್ಟಿದಾಗ ಡಾಕ್ಟರು ಯಾರು, ಕಾಂಪೌಂಡರ್ ಯಾರು ಎಂದು ಗುರುತು ಸಿಗುತ್ತಿರಲಿಲ್ಲ. ರೋಗಿ ಗಾಬರಿಯಿಂದ ಎದ್ದು ತನ್ನ ಕೌದಿ ಝಾಡಿಸಿ ಹಾಸಿದ.

"ನಂದು ಇರ್ಲಿ ಬಿಡ್ರಿ. ಮೊದಲ ನೀವಿಬ್ರು ಮಲಕೋರಿ."

ಹ್ಯಾಂಡಲ್ಲಿನ ಏಟು

ಈ ಸುದ್ದಿ ಕೇಳಿದ ಸಾಹುಕಾರರು ದವಾಖಾನೆ ಮುಂದೆ ಮೋಟಾರು ನಿಲ್ಲಿಸಿ, "ಎರಡು ಗಾಲಿ ಅಂದ ಮ್ಯಾಲೆ ಬೀಳೂದು ಇದ್ದದ್ದ ಡಾಕ್ಟರ್ರ. ನಮ್ಮದು ನೋಡ್ರಿ, ಪಲ್ಲಂಗ ಇದ್ದಾಂಗ ಐತಿ" ಅಂದರು. ಹುರುಪಿನಲ್ಲಿ ಡ್ರೈವರನ್ನು ಸರಿಸಿ, ಎಂಜಿನ್ ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಾವೇ ತಿರುವಿದರು. ಎಂಜಿನ್ ಒಮ್ಮೆ ಕೆಮ್ಮಿತು, ಹ್ಯಾಂಡಲ್ ಹಿಂದಕ್ಕೆ ತಿರುಗಿ ಮಣಿಕಟ್ಟಿಗೆ ಬಡಿಯಿತು.

ಡಾಕ್ಟರು ಪಟ್ಟಿ ಕಟ್ಟುತ್ತ ಅಂದರು: "ಸಾಹುಕಾರ್ರ, ನಾವು ಹೊಂಟ ಮ್ಯಾಲೆ ಪೆಟ್ಟು ತಿಂತೀವಿ. ನಿಮಗ ಹೊಂಡೂಕ್ಕಿಂತ ಮೊದಲ ಬಿತ್ತಲ್ರಿ!"

ಇಳಿಜಾರು

ನನ್ನ ಹೆಂಡತಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. "ಆ ಫಟಫಟಿ ಬಿಡ್ರಿ. ಸಾಹುಕಾರ್ರಿಗೆ ಗುಮಾಸ್ತ ಬೇಕಂತ, ಮೋಟಾರಿನ್ಯಾಗ ಕುಂತು ತಿರುಗೂ ಕೆಲಸ. ಇಲ್ಲಂದ್ರ ನಾ ಕುಷ್ಟಗಿಗೆ ತವರಿಗೆ ಹೋದ್ರ ಹೊಳ್ಳಿ ಬರೂದಿಲ್ಲ."

ಡಾಕ್ಟರನ್ನು ಬಿಡುವುದೆಂದರೆ ನನಗೆ ಸಂಕಟ. ಇವಳನ್ನು ಬಿಡುವುದು ಅದಕ್ಕಿಂತ ಸಂಕಟ. ಸಾಹುಕಾರರನ್ನು ಕೇಳಿದೆ. ಅವರು ಖುಷಿಯಾಗಿ, ಕುಷ್ಟಗಿ ಸಂತೆಗೆ ಹೊರಟಾಗ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಊರಿಗೆ ಮರಳಿದ ಮೇಲೆ ಕೆಲಸ ಪಕ್ಕಾ ಅಂದರು.

ಡ್ರೈವರು ಅದರ ಹಿಂದಿನ ವರ್ಷದವರೆಗೂ ಅವರದೇ ಹತ್ತಿ ಬಂಡಿ ಹೊಡೆಯುತ್ತಿದ್ದವನು. ಇಳಿಜಾರು ಬಂದರೆ ಬಂಡಿಯವರು ಕೆಳಗಿಳಿದು, ಎತ್ತಿನ ಮುಂದೆ ನಿಂತು, ನೊಗ ಹಿಡಿದು ಮೆಲ್ಲಗೆ ಇಳಿಸುವುದು ನಮ್ಮ ಕಡೆಯ ರೂಢಿ. ದಾರಿಯಲ್ಲಿ ಒಂದು ಇಳಿಜಾರು ಬಂತು. ಮೋಟಾರು ನಿಧಾನವಾಯಿತು. ಡ್ರೈವರು ಟಣ್ಣನೆ ಜಿಗಿದು ಮುಂದೆ ಓಡಿ, ಎರಡೂ ಕೈ ಚಾಚಿ "ಹೋ... ಹೋ..." ಅಂದ. ಮೋಟಾರು ಕೇಳಲಿಲ್ಲ. ಅವನು ಪಕ್ಕಕ್ಕೆ ಹಾರಿದ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಸಾಹುಕಾರರು "ಹಿಡಿಯೋ, ಹಿಡಿಯೋ" ಎಂದು ಕೂಗಿದರು. ನಾನು ಅವರನ್ನೇ ಹಿಡಿದೆ. ಕಡೆಗೆ ಹೊಲದಂಚಿನ ಮೇವಿನ ಬಣವೆಗೆ ಹೊಕ್ಕು ನಿಂತೆವು. ಯಾರಿಗೂ ಏನೂ ಆಗಲಿಲ್ಲ.

ಹೆಂಡತಿ ತಲೆಯಿಂದ ಜೋಳದ ದಂಟು ಕಿತ್ತೆಸೆಯುತ್ತ ನನ್ನ ಕಡೆ ತಿರುಗಿದಳು.

"ನಾಳೆ ಸುಮ್ನ ಡಾಕ್ಟರ ಕಡೆನ ಹೋಗ್ರಿ. ಫಟಫಟಿ ಮ್ಯಾಲಿಂದ ಬಿದ್ರ ಇಬ್ರೂ ಕೂಡಿ ಬೀಳ್ತೀರಿ. ನಿಮ್ಮನ್ನ ಅದರ ಮ್ಯಾಲ ಬಿಟ್ಟು ಓಡಸಾವ ತಾನೊಬ್ಬನ ಇಳಿದು ಹೋಗಾಕ ಬರೂದಿಲ್ಲ!"