ಚಲುವಯ್ಯನ ಕಿವಿಮುಚ್ಚಳ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೊಂದು ಮುಚ್ಚಳ ಕೊಡಲಿಲ್ಲವೆಂಬುದು ಕಿಕ್ಕೇರಿಯ ಚಲುವಯ್ಯನ ದೊಡ್ಡ ಆಕ್ಷೇಪಣೆ. ಸಂಜೆ ಡೇರಿಗೆ ಹಾಲು ಹಾಕಿ ಬಂದು ಮೊಬೈಲಿನಲ್ಲಿ ಒಂದು ಯುದ್ಧ ಮಾಡೋಣವೆಂದು ಕೂತರೆ ಸಾಕು, ಹೆಂಡತಿ ಯಶೋದಮ್ಮ ಹುಲ್ಲು, ಸಗಣಿ, ನಲ್ಲಿನೀರು ಎಂದು ಶುರುಮಾಡುತ್ತಿದ್ದಳು. ಕೊನೆಗೆ ಕೆ.ಆರ್. ಪೇಟೆಗೆ ಹೋಗಿ, ಗೇಮ್ ಆಡುವವರ ಹೆಡ್‌ಫೋನುಗಳಲ್ಲಿ ಅಗ್ಗದ್ದೊಂದನ್ನು ತಂದ. (ಅವನೇನು ದಂಡನಾಯಕನೇ? ಸಂಜೆಗೆ ನಾಲ್ಕು ಸಲ ಸಾಯುವ ಹವ್ಯಾಸಿ.) ಕಿವಿ ಪೂರ್ತಿ ಮುಚ್ಚುವ ಮೆತ್ತೆ, ಬಾಯಿಯತ್ತ ಬಾಗಿದ ಮೈಕು, ಎರಡೂ ಕಡೆ ನೀಲಿ ದೀಪ.

ಪರಮಸುಖ. ಯಶೋದಮ್ಮನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವನು ಸುಮ್ಮನೆ ತಲೆಯಾಡಿಸುತ್ತಿದ್ದ. ಅವಳೂ ಈಚೆಗೆ ಅವನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯತೊಡಗಿದ್ದಳು. ತನ್ನ ಮೇಲೆ ಪ್ರೀತಿ ಹೆಚ್ಚಿತೆಂದು ಒಳಗೊಳಗೇ ಹಿಗ್ಗಿದ.

ಆಟದಲ್ಲಿ ಅವನ ಜೊತೆಗಾರ ಮಾಕವಳ್ಳಿಯ ಬಾಮೈದ ದಿಲೀಪ್. ಹೋದ ತಿಂಗಳು ಅವನು ಮುಯ್ಯಾಳಾಗಿ ಬಂದು ಭಾವನ ಕಬ್ಬು ಕಡಿದುಕೊಟ್ಟಿದ್ದ. ಈಗ ಆ ಮುಯ್ಯಿ ತೀರಿಸಲು ಭಾವ ಹೋಗಿ ಬಾಮೈದನ ಕಬ್ಬು ಕಡಿಯಬೇಕು. ಗರಿ ಮೈಯೆಲ್ಲ ಕೊಯ್ಯುವ ಕೆಲಸ. ಚಲುವಯ್ಯ ಸೊಂಟ ಹಿಡಿದಿದೆ ಎಂದುಬಿಟ್ಟಿದ್ದ. ಮುಯ್ಯಿ ತಪ್ಪಿಸಿದನೆಂದು ಹೆಂಡತಿಯ ತವರಲ್ಲಿ ಗೊತ್ತಾದರೆ ಹಬ್ಬಕ್ಕೆ ಹೋಗಿ ಮುಖವೆತ್ತಿ ಉಣ್ಣುವಂತಿಲ್ಲ. ಸೊಂಟದ ಮೇಲೇ ಮರ್ಯಾದೆ ನಿಂತಿತ್ತು.

ಅಂದು ಹೆಡ್‌ಫೋನಿನೊಳಗೆ ಗುಂಡಿನ ಸದ್ದಿನ ನಡುವೆ ದಿಲೀಪ್ ತನ್ನೂರಿನಿಂದಲೇ ವಿಚಾರಿಸಿದ, "ಭಾವ, ಸೊಂಟ ಎಂಗದೆ?"

"ಕೂತ್ರೆ ಏಳಕಾಗಕಿಲ್ಲ ಕಣ್ಲಾ."

"ಅಂಗಾರೆ ಬೆಳಿಗ್ಗೆ ತೆಂಗಿನಮರ ಎಂಗ್ ಅತ್ತುದ್ರಿ?"

ಚಲುವಯ್ಯನ ಸೈನಿಕ ಅಲ್ಲೇ ಗುಂಡು ತಿಂದು ಬಿದ್ದ.

"ಯಾವನ್ಲಾ ನಿಂಗೇಳ್ದೋನು?"

"ಅಕ್ಕ. ಈಗ್ಲೂ ಯೋಳ್ತಾವ್ಳೆ. ಮಚ್ಚು ಮಸ್ದು ಮಡಗಿವ್ನಿ, ನಾಳೀಕೆ ಮೊದಲ್ನೇ ಬಸ್ಸಿಗೆ ಕಳುಸ್ತೀನಿ ಅಂತ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ, ಇವನು ಕಿವಿ ಮುಚ್ಚಿ ಕುಡಿದಿದ್ದ. ಅವನ ಕಿವಿಗೆ ಬೀಳದ್ದೆಲ್ಲ ಮೈಕಿಗೆ ಬಿದ್ದು ನೇರ ಮಾಕವಳ್ಳಿ ಸೇರುತ್ತಿತ್ತು. ಹೆಡ್‌ಫೋನು ಕಿತ್ತು ಹೆಂಡತಿಯತ್ತ ತಿರುಗಿದ.

"ಏನಮ್ಮೀ ಇದು?"

ಯಶೋದಮ್ಮ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ಒಳ್ಳೆ ಸಾಮಾನು ತಂದ್ರಿ ಬುಡಿ. ಇದು ಬಂದಾಗಿಂದ ತವ್ರಿಗೆ ನಾನು ಫೋನೇ ಮಾಡಿಲ್ಲ. ತಿರ್ಗಾ ಕಿವಿಗೆ ಆಕ್ಕಳಿ, ಅಲ್ಲಿ ಅವ್ವ ಕಾಯ್ತಾವ್ಳೆ."