ಗುಂಡ್ಯಾನ ಉಪವಾಸ

ಈ ವರ್ಷ ಅನಂತ ಚತುರ್ದಶಿಗೆ ಉಪವಾಸ ಮಾಡಿಯೇ ತೀರುತ್ತೇನೆಂದು ಧರಣೇಂದ್ರ ಬಸದಿಯ ಕಟ್ಟೆಯ ಮೇಲೆ ನಿಂತು ಎಲ್ಲರೆದುರು ಘೋಷಿಸಿಬಿಟ್ಟಿದ್ದ. ಬರೀ ಉಪವಾಸವಲ್ಲ, ನೀರೂ ಮುಟ್ಟದ ನಿರ್ಜಲ ಉಪವಾಸ. (ಘೋಷಿಸುವಾಗ ಹೊಟ್ಟೆ ತುಂಬಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು.) ಹೋದ ವರ್ಷವೂ ಹೀಗೆಯೇ ಹೊರಟು, ಮಧ್ಯಾಹ್ನ ಚುರುಮುರಿ ಡಬ್ಬಿಯೊಳಗೆ ಕೈಯಿಟ್ಟು ಸಿಕ್ಕಿಬಿದ್ದಿದ್ದ. ಆ ಸುದ್ದಿ ಸಾಂಗಲಿಯ ಅವರ ಗಲ್ಲಿ ದಾಟಿ, ಅವನ ಮೋಟಾರ್ ರಿಪೇರಿ ಅಂಗಡಿಯಿದ್ದ ಕುಪವಾಡದವರೆಗೂ ಹೋಗಿತ್ತು. ಗಿರಾಕಿಗಳು ಸುಟ್ಟ ಮೋಟಾರಿನ ಜೊತೆ ಚುರುಮುರಿ ಪೊಟ್ಟಣವನ್ನೂ ತಂದುಕೊಟ್ಟು ನಕ್ಕಿದ್ದರು. ಹಾಗಾಗಿ ಈ ಸಲದ ಪ್ರಶ್ನೆ ಮೋಕ್ಷದ್ದಲ್ಲ, ಮಾನದ್ದು.

ಅವರ ಗಲ್ಲಿಯಲ್ಲೊಂದು ಪದ್ಧತಿ. ಚತುರ್ದಶಿಯ ದಿನ ಹೊತ್ತು ಮುಳುಗುವ ಮುಂಚೆ ಮಹಿಳಾ ಮಂಡಳದ ಕಮಲಾಬಾಯಿ ಹೆಂಗಸರನ್ನು ಕಟ್ಟಿಕೊಂಡು, ಉಪವಾಸ ಮಾಡಿದವರ ಮನೆಗೆ ಹೋಗಿ ಶಾಲು ಹೊದಿಸಿ ತೆಂಗಿನಕಾಯಿ ಕೊಡುತ್ತಾಳೆ. ಆ ಶಾಲು ಹೆಗಲಿಗೆ ಬೀಳುವಾಗ ಮುಖ ಹೇಗಿರಬೇಕೆಂದು ಧರಣೇಂದ್ರ ಟವೆಲ್ಲು ಹೊದ್ದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದ.

ಇಂಥ ಮಹಾಪರ್ವದ ನಡುವೆ ಮಗಳು ಮೃಣಾಲಳ ಮೊಲ ಗುಂಡ್ಯಾನಿಗೆ ಮೂತ್ರಚೀಲದಲ್ಲಿ ಕಲ್ಲಾಯಿತು. ಮಿರಜ ಅಂದರೆ ಆಪರೇಷನ್ನಿನ ಊರು. ಎಲ್ಲೆಲ್ಲಿಂದಲೋ ಜನ ರೈಲು ಹತ್ತಿ ಬಂದು ಕೊಯ್ಯಿಸಿಕೊಂಡು ಹೋಗುತ್ತಾರೆ. ಗುಂಡ್ಯಾನೂ ಬುಟ್ಟಿಯೊಳಗೆ ಕುಳಿತು, ರಿಕ್ಷಾದಲ್ಲಿ ಮಿರಜಕ್ಕೆ ಹೋಗಿ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಬಂದ. ಡಾಕ್ಟರ್ ಸ್ವಪ್ನಾಲಿ ಮೃಣಾಲಳಿಗೆ ಆರೈಕೆಯ ಬಗ್ಗೆ ಏನೇನೋ ಹೇಳುತ್ತಿದ್ದಾಗ ಧರಣೇಂದ್ರ ಆಚೆ ಕಂಪೌಂಡರನಿಗೆ ಉಪವಾಸದ ಮಹಿಮೆ ವಿವರಿಸುತ್ತಿದ್ದ.

ಚತುರ್ದಶಿ ಬೆಳಿಗ್ಗೆ ಹೆಂಡತಿ ತ್ರಿಶಲಾ ಮಗಳನ್ನು ಕರೆದುಕೊಂಡು ಪೂಜೆಗೆ ಬಸದಿಗೆ ಹೊರಟಳು.

"ಗುಂಡ್ಯಾನ ಮುಂದ ಕೊತ್ತಂಬರಿ ಇಟ್ಟೇನಿ. ತಿಂತಾನೋ ಇಲ್ಲೋ ನೋಡ್ರಿ. ನಿಮಗೇನು, ಸುಮ್ಮನ ಕುಂದ್ರೂದು."

"ಉಪವಾಸ ಅಂದ್ರ ಸುಮ್ಮನ ಕುಂದ್ರೂದಲ್ಲ. ಸಾಧನಾ ಅದು!"

"ಹೌದ್ರಿ. ಸಾಧನಾ ಮಾಡಕೋಂತನ ಮೊಲಾನೂ ನೋಡ್ರಿ."

ಪರ್ವದ ದಿನಗಳಲ್ಲಿ ಅದು ಹಸಿರು ಸೊಪ್ಪನ್ನೇ ತಿನ್ನದ ಮನೆ. ಗುಂಡ್ಯಾನ ಪಾಲಿನ ಕೊತ್ತಂಬರಿಗೆ ಹಿತ್ತಲಲ್ಲಿ ಬೇರೆಯೇ ಬುಟ್ಟಿ. (ನೆಲದೊಳಗೆ ಬೆಳೆಯುವುದೆಲ್ಲ ಆ ಮನೆಗೆ ನಿಷಿದ್ಧವಾದ್ದರಿಂದ, ಗಜ್ಜರಿಯ ಮುಖವನ್ನೇ ನೋಡದ ಮೊಲ ಲೋಕದಲ್ಲಿ ಗುಂಡ್ಯಾ ಒಬ್ಬನೇ ಇರಬೇಕು.)

ಧರಣೇಂದ್ರ ಮಡಿಧೋತರ ಉಟ್ಟು ಮೊಲದೆದುರು ಕುಳಿತ. ಗುಂಡ್ಯಾ ಮೂಲೆಯಲ್ಲಿ ಮುದುಡಿ, ಕಣ್ಣು ಅರ್ಧ ಮುಚ್ಚಿ, ಕೊತ್ತಂಬರಿಗೆ ಬೆನ್ನು ತಿರುಗಿಸಿ ಕುಳಿತಿದ್ದ. ಎಷ್ಟು ಹೊತ್ತಾದರೂ ಒಂದು ಎಲೆಯನ್ನೂ ಮೂಸಲಿಲ್ಲ. ಧರಣೇಂದ್ರನಿಗೆ ಮೈ ಜುಂ ಎಂದಿತು. ಚತುರ್ದಶಿಯ ದಿನ ಅನ್ನ ತ್ಯಜಿಸಿ ಕಣ್ಣು ಮುಚ್ಚಿ ಕುಳಿತಿದೆ! ಇದು ಮೊಲವಲ್ಲ, ಹಿಂದಿನ ಜನ್ಮದ ಯಾವುದೋ ಪುಣ್ಯಜೀವಿ. "ಭಲೇ ಗುಂಡ್ಯಾ!" ಎಂದು ಕೈಮುಗಿದು, ಅದರ ವ್ರತಕ್ಕೆ ಭಂಗ ಬರಬಾರದೆಂದು ಕೊತ್ತಂಬರಿಯನ್ನು ಎತ್ತಿ ಹಿತ್ತಲಿಗೆ ಇಟ್ಟುಬಂದ. (ಅದರ ವಾಸನೆ ಅವನ ನಾಲಿಗೆಯನ್ನೇ ಕಾಡುತ್ತಿತ್ತು ಎನ್ನುವುದು ಬೇರೆ ಮಾತು.)

ಮಧ್ಯಾಹ್ನ ಮೃಣಾಲಳ ಫೋನು ಬಂತು.

"ಪಪ್ಪಾ, ಗುಂಡ್ಯಾ ತಿಂದನೇನು?"

"ಹೆಂಗ ತಿಂತಾನ? ಅವಂದೂ ಉಪವಾಸ ಐತಿ. ನಾನೂ ಅಡ್ಡಿ ಆಗಬಾರದಂತ ಕೊತ್ತಂಬರಿ ತಗದ ಇಟ್ಟೇನಿ."

"ಅರೇ ದೇವಾ! ಪಪ್ಪಾ, ಡಾಕ್ಟರಿಗೆ ಫೋನ್ ಹಚ್ಚರಿ, ಈಗಿಂದೀಗ!" ಹುಡುಗಿ ಅಳುವುದಕ್ಕೇ ಶುರುಮಾಡಿದಳು.

ಡಾಕ್ಟರ್ ಸ್ವಪ್ನಾಲಿ ಮಾತು ತೇಲಿಸಲಿಲ್ಲ. "ಕಾಕಾ, ಮೊಲದ ಹೊಟ್ಟಿ ಗಿರಣಿ ಇದ್ದಂಗ. ಒಮ್ಮೆ ನಿಂತ್ರ ಮತ್ತ ಚಾಲೂ ಆಗೂದು ಕಠಿಣ. ತಿಂದು ಹಿಕ್ಕಿ ಹಾಕಿದ್ರ ಗೆದ್ದಂಗ. ಇಲ್ಲಂದ್ರ ಜೀವಾ ಉಳಿಯೂದಿಲ್ಲ. ಕೊಟ್ಟ ಔಷಧದ ಗಂಜಿ ಪಿಚಕಾರೀಲೆ ಹಾಕ್ರಿ."

ಪಿಚಕಾರಿಯ ಗಂಜಿಯೆಲ್ಲ ಧರಣೇಂದ್ರನ ಚಷ್ಮಾಕ್ಕೆ ಸಂದಿತು. ಮತ್ತೆ ಫೋನು ಹಚ್ಚಿದ.

"ಹಂಗಾರ ಹಿಂಗ ಮಾಡ್ರಿ," ಎಂದಳು ಡಾಕ್ಟರು. "ಜೋಡಿ ಯಾರರೆ ತಿಂದ್ರ ಮೊಲಾನೂ ಬಾಯಿ ಹಾಕ್ತದ. ನೀವ ಬಾಜೂಕ ಕುಂತು ತಿನ್ರಿ."

"ನಂದು ನಿರ್ಜಲ..."

ಫೋನು ಕಟ್ಟಾಗಿತ್ತು.

ಧರಣೇಂದ್ರ ಹಿತ್ತಲಿಂದ ಕೊತ್ತಂಬರಿ ತಂದು, ನೆಲಕ್ಕೆ ಬಗ್ಗಿ, ಮೊದಲು ಬರಿಬಾಯಿ ಆಡಿಸಿ ನೋಡಿದ. ಗುಂಡ್ಯಾ ಕಣ್ಣು ತೆರೆದು ಅವನನ್ನು ನೋಡಿ ಮತ್ತೆ ಮುಚ್ಚಿಕೊಂಡ. ಇಂಥ ಢೋಂಗಿ ಮೊಲಕ್ಕೂ ತಿಳಿಯುತ್ತದೆ. ಅವನು ಗುಂಡ್ಯಾನ ಬೆನ್ನ ಮೇಲೆ ಕೈಯಿಟ್ಟ. ಪುಟ್ಟ ಮೈ ಸಣ್ಣಗೆ ನಡುಗುತ್ತಿತ್ತು. ಪುಣ್ಯಜೀವಿಯೂ ಅಲ್ಲ, ಎಂಥದೂ ಅಲ್ಲ. ನೋವಿಗೆ ಹೆದರಿ ಬಾಯಿ ಕಟ್ಟಿಕೊಂಡ ಬಡಪಾಯಿ. ಅದರ ಎದುರಿನ ತುತ್ತನ್ನು ತೆಗೆದಿಟ್ಟು, ಜೀವದಯೆಯ ದಿನವೇ ಒಂದು ಜೀವವನ್ನು ಕೊಲ್ಲಲು ಹೊರಟಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬಾಗಿಲ ಕಡೆ ಒಮ್ಮೆ ನೋಡಿ, ಒಂದು ಎಸಳು ಕೊತ್ತಂಬರಿಯನ್ನು ಬಾಯಿಗಿಟ್ಟು ಕರುಂಕರುಂ ಅಗಿದ. ಗುಂಡ್ಯಾನ ಮೂಗು ಅಲುಗಿತು. ಇನ್ನೊಂದು ಎಸಳು. ಮೊಲ ಕುಂಟುತ್ತಾ ಬಂದು ಅವನ ತೊಡೆಯೇರಿ, ಅವನ ಬಾಯಿಂದ ಹೊರಗಿದ್ದ ದಂಟಿನ ತುದಿಯನ್ನು ಕಚ್ಚಿತು. ಧರಣೇಂದ್ರನ ಕಣ್ಣಲ್ಲಿ ನೀರು ಬಂತು. ಇಬ್ಬರೂ ಹೀಗೆ ಮೆಲ್ಲುತ್ತಾ ಕುಳಿತಿದ್ದಾಗ ಹೊತ್ತು ಜಾರಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಬಾಗಿಲಲ್ಲಿ ಬಳೆ ಸದ್ದಾಯಿತು. ಕಮಲಾಬಾಯಿ, ಅವಳ ಕೈಯಲ್ಲಿ ಶಾಲು, ಹಿಂದೆ ಇಡೀ ಮಹಿಳಾ ಮಂಡಳ.

ಧರಣೇಂದ್ರನ ತುಟಿಯಿಂದ ಕೊತ್ತಂಬರಿ ಜೋತುಬಿದ್ದಿತ್ತು.

"ಹೋದ ವರ್ಷ ಚುರುಮುರಿ, ಈ ವರ್ಷ ಕೊತ್ತಂಬರಿ," ಎಂದಳು ಕಮಲಾಬಾಯಿ ನಿಧಾನವಾಗಿ. "ಬರೂ ವರ್ಷ ಉಳ್ಳಾಗಡ್ಡಿನೂ ಹೆಚ್ಚಿಕೊಂಡಿ ಅಂದ್ರ ಭೇಳಪುರಿ ಪೂರಾ ಆಗತದ ನೋಡಪಾ."

"ಮಾವಶಿ, ಮೊಲಾ ತಿನ್ಲಿ ಅಂತ..."

"ಮೊಲದ ಮ್ಯಾಲ ಹಾಕಬ್ಯಾಡ. ಈಗ ಈ ಶಾಲು ಯಾರಿಗೆ ಹೊಚ್ಚಲಿ?"

"ಆಯೀಗ ಹೊಚ್ಚರಿ," ಎಂದಳು, ಪೂಜೆ ಮುಗಿಯುತ್ತಲೇ ತಾಯಿಯ ಜೊತೆ ಓಡೋಡಿ ಬಂದ ಮೃಣಾಲ, ತಾಯಿಯ ಸೆರಗು ಹಿಡಿದೆಳೆದು. "ಆಯಿದೂ ನಿರ್ಜಲ ಐತಿ. ಪ್ರತಿ ವರ್ಷಾ ಮಾಡ್ತಾಳ, ಹೇಳೂದಿಲ್ಲ ಅಷ್ಟ."

ಧರಣೇಂದ್ರ ಅಗಿಯುವುದನ್ನು ನಿಲ್ಲಿಸಿದ. ಹೋದ ವರ್ಷ ಅವನು ಸಿಕ್ಕಿಬಿದ್ದಾಗ ತ್ರಿಶಲಾ ಒಂದು ಮಾತೂ ಆಡದೆ ಒಲೆ ಹಚ್ಚಿ ಬಿಸಿ ಥಾಲಿಪೀಠ ಬಡಿದುಕೊಟ್ಟಿದ್ದಳು. ತಿಂದು, ಉಪ್ಪು ಕಡಿಮೆಯಾಗಿದೆ ಎಂದಿದ್ದ ತಾನು. ಬಾಯಿಗೆ ಒಂದು ಹನಿ ನೀರಿಲ್ಲದವಳು ಉಪ್ಪು ನೋಡುವುದಾದರೂ ಹೇಗೆ?

ಶಾಲು ತ್ರಿಶಲಾಳ ಹೆಗಲಿಗೆ ಬಿತ್ತು. ಅವಳು ಸಂಕೋಚದಿಂದ ತಲೆ ತಗ್ಗಿಸಿದಾಗ ಗಂಡನ ಧೋತರ ಕಣ್ಣಿಗೆ ಬಿತ್ತು. ಬಿಳಿ ಮಡಿಯ ಮಡಿಲಲ್ಲಿ ಮೆಣಸಿನ ಕಾಳಿನಂಥ ಕಪ್ಪು ಗುಳಿಗೆಗಳು ಉರುಳಾಡುತ್ತಿದ್ದವು.

"ಹಿಕ್ಕಿ ಹಾಕ್ಯಾನ!" ಎಂದು ಮೃಣಾಲ ಕುಣಿದಳು. ಧರಣೇಂದ್ರನೂ ತುಂಬಿದ ಬಾಯಲ್ಲೇ "ಹಾಕ್ಯಾನ್ರಿ ಮಾವಶಿ, ಹಾಕ್ಯಾನ!" ಎಂದು ಕೂಗಿದ. ಮಹಿಳಾ ಮಂಡಳ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿಯಿತು.

"ಹೆಂಗೂ ಬಾಯಿ ಹಾಕೀರಿ," ಎಂದಳು ತ್ರಿಶಲಾ, ಶಾಲನ್ನು ಮಡಚುತ್ತಾ. "ಇನ್ನ ಹೊತ್ತ ಮುಳುಗಿಲ್ಲ. ಎರಡು ಥಾಲಿಪೀಠ ಬಡೀಲೇನು?"

"ಬ್ಯಾಡ. ನೀ ಕುಂದ್ರು," ಎಂದ ಧರಣೇಂದ್ರ.

ಆ ರಾತ್ರಿ ಅವನು ನಿಜವಾಗಿಯೂ ಹಸಿದೇ ಮಲಗಿದ. ಅದನ್ನು ಯಾರೂ ಉಪವಾಸವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಗುಂಡ್ಯಾ ಮಾತ್ರ ಮೂಲೆಯಲ್ಲಿ ಒಬ್ಬನೇ ಕುಳಿತು, ಉಳಿದ ಕೊತ್ತಂಬರಿಯನ್ನೆಲ್ಲ ಅವನಿಗೆ ಕೇಳಿಸುವಂತೆ ಕರುಂಕರುಂ ತಿಂದು ಮುಗಿಸಿದ.