ಚಾಡಿ ಹೇಳಿದ ಅಳತೆ ಮೈಕಿಗೆ

ಮಾನ್ಯರೇ,

ಹೋಮ್ ಥಿಯೇಟರಿನ ಪೆಟ್ಟಿಗೆಯ ತಳದಲ್ಲಿ, ರಿಮೋಟಿನ ಬ್ಯಾಟರಿಗಳಿಗೂ ಯಾರೂ ಓದದ ಕೈಪಿಡಿಗೂ ನಡುವೆ, ತಮ್ಮದೇ ವೈರನ್ನು ಮೈಗೆ ಸುತ್ತಿಕೊಂಡು ನಮ್ಮ ಮನೆಗೆ ದಯಮಾಡಿಸಿದ, ಹೆಬ್ಬೆರಳಿನಷ್ಟು ಗಾತ್ರದ, ಬಾಯಿಲ್ಲದ ಆದರೆ ಮೈಯೆಲ್ಲ ಕಿವಿಯಾದ ಅಳತೆ ಮೈಕ್ ಮಹಾಶಯರಿಗೆ, ಈ ಸಿನಿಮಾ ಆಪರೇಟರನ ಅನಂತ ನಮಸ್ಕಾರಗಳು. ತಾವು ಟಿವಿ ಸ್ಟ್ಯಾಂಡಿನ ಎರಡನೆಯ ಖಾನೆಯಲ್ಲಿ, ಯಾವ ಫೋನಿಗೂ ಸೇರದ ಹಳೆಯ ಚಾರ್ಜರುಗಳ ಸಹವಾಸದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ ಎಂಬುದು ತಮಗೆ ಎಲ್ಲರಿಗಿಂತ ಮೊದಲು ಗೊತ್ತಾದ ಸಂಗತಿ, ಮತ್ತು ನನ್ನ ದೂರು ಇರುವುದೂ ಅದರ ಬಗ್ಗೆಯೇ. ಮನೆಯೊಳಗಿನ ವಿಷಯವನ್ನು ಬಹಿರಂಗ ಪತ್ರದಲ್ಲಿ ಬರೆಯುವುದು ಸಭ್ಯತೆಯಲ್ಲ ಎಂದು ತಮಗನ್ನಿಸಬಹುದು. ಆದರೆ ತಾವು ನನ್ನ ಗುಟ್ಟನ್ನು ಐವತ್ತೈದು ಇಂಚಿನ ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿಸಿದ ಮೇಲೆ ಸಭ್ಯತೆಯ ಮಾತನ್ನು ನಾವಿಬ್ಬರೂ ಎತ್ತದಿರುವುದೇ ಒಳ್ಳೆಯದು.

ಮೊದಲು ನನ್ನ ಪರಿಚಯ. ಪಟ್ಟಣದ ಮಾರುಕಟ್ಟೆಯ ಹಿಂದಿರುವ ಹಳೆಯ ಚಿತ್ರಮಂದಿರದಲ್ಲಿ ಮೂವತ್ತೊಂದು ವರ್ಷ ಸಿನಿಮಾ ತೋರಿಸಿದವನು ನಾನು. ರೀಲು ಹೋಗಿ ಡಿಜಿಟಲ್ ಬಂದಾಗ, ಇನ್ನು ಗುಂಡಿ ಒತ್ತಿದರೆ ಸಾಕು ಎಂದು ಎಲ್ಲರೂ ಹೇಳಿದರು. ಗುಂಡಿ ಒತ್ತಲಿಕ್ಕಾದರೂ ಯಾರಾದರೂ ಮೇಲೆ ಹತ್ತಲೇಬೇಕಲ್ಲ ಎಂದು ನಾನು ಹೇಳಿದೆ, ಹತ್ತಿದೆ. ಪ್ರೊಜೆಕ್ಟರ್ ಇರುವ ಬೂತಿಗೆ ಮೂವತ್ತೆಂಟು ಮೆಟ್ಟಿಲುಗಳು, ಕಡಿದಾದವು, ಹಿಡಿಯಲು ಒಂದೇ ಕಡೆ ಕಂಬಿ. ಮೇಲೆ ಹೋಗಿ, ಪರದೆಗೆ ಬೆಳಕು ಹಾಯುವ ಕಿಂಡಿಯ ಹಿಂದೆ ನಿಂತರೆ ನಾನು ಯಾರಿಗೂ ಕಾಣಿಸುವುದಿಲ್ಲ, ಆದರೆ ನಾನಿಲ್ಲದೆ ಯಾರಿಗೂ ಏನೂ ಕಾಣಿಸುವುದಿಲ್ಲ. ಆ ಸುಖ ಎಂಥದೆಂದು ತಮಗೆ ವಿವರಿಸಲಾರೆ, ತಾವು ಕಣ್ಣಿಲ್ಲದವರು.

ಇಂಥವನ ಮನೆಗೆ ಹೋಮ್ ಥಿಯೇಟರ್ ಏಕೆ ಬಂತೆಂದು ತಾವು ಕೇಳಬಹುದು. ನನ್ನ ಹೆಂಡತಿಯ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ತನಗೆ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಟಿವಿಯಲ್ಲಿ ಯಾರು ಬಾಯಿ ತೆರೆದರೂ "ಏನಂದ? ಅವಳು ಯಾಕೆ ಅತ್ಲು?" ಎಂದು ನನ್ನನ್ನು ತಿವಿಯುವುದು ಆಕೆಯ ಪದ್ಧತಿ, ಬಿಡಿಸಿ ಹೇಳುವುದು ನನ್ನ ಪದ್ಧತಿ. ಎಲ್ಲ ಸಲವೂ ನಾನು ಇದ್ದದ್ದನ್ನೇ ಹೇಳುತ್ತಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಪಾತ್ರಗಳು ಆಡುವ ಪೆದ್ದುಪೆದ್ದು ಮಾತಿಗಿಂತ ನಾನು ಕಟ್ಟಿ ಹೇಳಿದ ಮಾತು ಎಷ್ಟೋ ವಾಸಿಯಾಗಿತ್ತು, ಮತ್ತು ಧಾರಾವಾಹಿಯ ಅತ್ತೆಯೊಬ್ಬಳು ಆರು ತಿಂಗಳ ಕಾಲ ಒಳ್ಳೆಯವಳಾಗಿ ಉಳಿದದ್ದು ನನ್ನ ದಯೆಯಿಂದಲೇ. ಈಚೆಗೆ ಒಂದು ವರ್ಷದಿಂದ ನನ್ನ ಸಂಭಾಷಣೆಗಳು ಚಿಕ್ಕವಾಗುತ್ತ ಬಂದಿದ್ದವು. "ಸಿಟ್ಟು", "ಸುಳ್ಳು", "ಹೋದ" ಎಂದಿಷ್ಟೇ ಹೇಳಿ ಮುಗಿಸುತ್ತಿದ್ದೆ. ಆಕೆಗೆ ಇದು ಸೋಮಾರಿತನವಾಗಿ ಕಂಡಿತು. ಮಗನಿಗೆ ಅಮ್ಮನ ಕಷ್ಟವಾಗಿ ಕಂಡಿತು, ಹೀಗಾಗಿ ಐದು ಸ್ಪೀಕರುಗಳನ್ನೂ ಒಂದು ಗುಡುಗುವ ಡಬ್ಬವನ್ನೂ ಹೊಸ ಟಿವಿಯನ್ನೂ ತಂದ.

ಚಿತ್ರದ ಕೆಲಸ ಶನಿವಾರವೇ ಮುಗಿಯಿತು. ಅದರಲ್ಲಿ ತಮ್ಮ ಪಾತ್ರವಿಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಡಬ್ಬದಿಂದ ಹೊರಬಂದ ಟಿವಿಯಲ್ಲಿ ಎಲ್ಲರ ಕೆನ್ನೆಯೂ ಟೊಮೇಟೊ ಆಗಿತ್ತು, ಹುಲ್ಲು ಪೇಂಟ್ ಬಳಿದಂತಿತ್ತು, ಓಡುವವರು ಎಣ್ಣೆ ಸವರಿದ ನೆಲದ ಮೇಲೆ ಜಾರುತ್ತಿದ್ದರು. ಮೆನುವಿನಲ್ಲಿ 'ಸಿನಿಮಾ ಮೋಡ್' ಎಂಬುದೊಂದಿತ್ತು. ಮೂವತ್ತೊಂದು ವರ್ಷ ಸಿನಿಮಾ ತೋರಿಸಿದವನನ್ನು ಒಂದು ಮಾತೂ ಕೇಳದೆ ಅದಕ್ಕೆ ಆ ಹೆಸರಿಟ್ಟವರ ಧೈರ್ಯವನ್ನು ಮೆಚ್ಚುತ್ತಲೇ ಅದನ್ನು ಒತ್ತಿದೆ, ಬಣ್ಣ ಇಳಿಸಿದೆ, ಹೊಳಪನ್ನು ಕಪ್ಪು ಕೋಟಿನ ಮಡಿಕೆಗಳು ಕಾಣುವಷ್ಟಕ್ಕೆ ತಂದು ನಿಲ್ಲಿಸಿದೆ. "ಅಪ್ಪ, ಇದು ಮಂಕಾಗಿ ಕಾಣುತ್ತಲ್ಲ" ಎಂದ ಮಗನಿಗೆ, ಕಿಟಕಿಯ ಪರದೆ ಎಳೆದು ಐದು ನಿಮಿಷ ಸುಮ್ಮನೆ ಕೂರಲು ಹೇಳಿದೆ. ಐದು ನಿಮಿಷವಾದ ಮೇಲೆ ಅವನು ರಿಮೋಟನ್ನು ನನ್ನ ಕಡೆಗೇ ಸರಿಸಿದ. ಆ ಸಂಜೆ ನನಗೆ ಬಹಳ ಸಂತೋಷವಾಗಿತ್ತು ಎಂಬುದನ್ನು ತಾವು ಗಮನಕ್ಕೆ ತಂದುಕೊಳ್ಳಬೇಕು, ಏಕೆಂದರೆ ಅದನ್ನು ಕೆಡಿಸಿದವರು ತಾವು.

ಭಾನುವಾರ ಬೆಳಿಗ್ಗೆ ಧ್ವನಿಯ ಅಳತೆಗೆ ತಮ್ಮನ್ನು ಹೊರತೆಗೆದೆವು. ಮುಖ್ಯ ಕೇಳುಗರು ಕೂರುವ ಜಾಗದಲ್ಲಿ, ಅವರ ಕಿವಿಯ ಎತ್ತರಕ್ಕೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತಮ್ಮನ್ನು ಪ್ರತಿಷ್ಠಾಪಿಸಬೇಕೆಂದೂ ಎಲ್ಲರೂ ಕೋಣೆಯಿಂದ ಹೊರಗಿರಬೇಕೆಂದೂ ಕೈಪಿಡಿಯಲ್ಲಿ ಬರೆದಿದೆಯಂತೆ. ಕೈಪಿಡಿಯನ್ನು ಓದುವವರ ಮನೆ ನಮ್ಮದಲ್ಲ, ಸ್ಟ್ಯಾಂಡೂ ನಮ್ಮಲ್ಲಿಲ್ಲ. "ಅಪ್ಪ, ನಿಮ್ ಕೈ ಅಲುಗಾಡಲ್ಲ, ನೀವೇ ಹಿಡ್ಕೊಂಡು ಕೂತ್ಕೊಳ್ಳಿ" ಎಂದು ಮಗ ಹೇಳಿದ. ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುವ ಕೈಯಿದು. ಹೊಗಳಿಕೆಗೆ ಉಬ್ಬಿ ಸೋಫಾದ ನಡುವೆ ಕುಳಿತು, ತಮ್ಮನ್ನು ಕಿವಿಯ ಪಕ್ಕ, ಎಂದರೆ ಬಾಯಿಗೆ ಒಂದು ಗೇಣು ದೂರದಲ್ಲಿ ಎತ್ತಿ ಹಿಡಿದೆ. ತಾವು ಮೊದಲು ಹತ್ತು ಸೆಕೆಂಡು ಮೌನವನ್ನು ಆಲಿಸುತ್ತೀರಿ, ಆಮೇಲೆ ಯಾವುದು ಎಷ್ಟು ದೂರ, ಎಷ್ಟು ಜೋರಾಗಿರಬೇಕು ಎಂದು ಗೊತ್ತುಮಾಡಲು ಸ್ಪೀಕರುಗಳನ್ನು ಒಂದೊಂದಾಗಿ ಕೂಗಿಸುತ್ತೀರಿ ಎಂದು ಮಗ ವಿವರಿಸಿದ. ತಾವು ಮೌನವನ್ನು ಆಲಿಸಿದಿರಿ. ಪರದೆಯ ಮೇಲೆ ಬಂತು: 'ಕೋಣೆಯಲ್ಲಿ ಗದ್ದಲ ಹೆಚ್ಚಿದೆ. ದಯವಿಟ್ಟು ಗದ್ದಲದ ಮೂಲವನ್ನು ನಿವಾರಿಸಿ.'

ಆಗ ನಮ್ಮ ಮನೆಯಲ್ಲಿ ನಡೆದ ನಿವಾರಣೆಯನ್ನು ತಾವು ಕಂಡಿದ್ದರೆ ನಾಚಿಕೊಳ್ಳುತ್ತಿದ್ದಿರಿ. ಫ್ಯಾನ್ ಆರಿಸಿದೆವು. ಫ್ರಿಜ್ಜಿನ ಪ್ಲಗ್ ಕಿತ್ತೆವು. ಬಟ್ಟೆ ಒಗೆಯುವ ಯಂತ್ರವನ್ನು ಅರ್ಧದಲ್ಲೇ ನಿಲ್ಲಿಸಿ ನೊರೆಯ ಸಮೇತ ಬಟ್ಟೆಗಳನ್ನು ನೆನೆಯಲು ಬಿಟ್ಟೆವು. ಗೋಡೆ ಗಡಿಯಾರದ ಸೆಲ್ ತೆಗೆದೆವು, ಹನಿ ತೊಟ್ಟಿಕ್ಕುವ ನಲ್ಲಿಗೆ ಕರವಸ್ತ್ರ ಕಟ್ಟಿದೆವು. ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುವವರಿಗೆ ಮಗ ಹೋಗಿ ಕೈಮುಗಿದು ಬಂದ. ಪ್ರತಿ ಸಲವೂ ತಾವು ಅದೇ ವಿನಯದಿಂದ ಅದೇ ಮಾತನ್ನು ಹೇಳಿದಿರಿ. ನನ್ನ ಹೆಂಡತಿಯಂತೂ ತನ್ನ ಬಳೆಗಳನ್ನು ತೆಗೆದಿಟ್ಟು, ಈ ಗದ್ದಲವೆಂಬುದು ತನಗೆ ಮಾತ್ರ ಕೇಳಿಸುತ್ತಿಲ್ಲವೆಂದುಕೊಂಡು ಪಾಪ ಮುಖ ಸಣ್ಣಗೆ ಮಾಡಿ ಕೂತಿದ್ದಳು.

ಅಷ್ಟರಲ್ಲಿ ಸೊಸೆ ಕೆಲಸ ಮುಗಿಸಿ ಬಂದಳು. ಆಕೆ ಆಸ್ಪತ್ರೆಯಲ್ಲಿ ನರ್ಸ್. ತಾವು ಕೇಳಿದ್ದನ್ನೆಲ್ಲ ಮಗನ ಫೋನಿನಲ್ಲಿ ಒಂದು ಗೆರೆಯಾಗಿ ಬರೆದು ತೋರಿಸುತ್ತಿದ್ದಿರಿ. ಅದು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮಗ ಅದನ್ನು ನೋಡಿ ನೀರಿನ ಪಂಪ್ ಇರಬಹುದು ಎಂದ. ಸೊಸೆ ಆ ಗೆರೆಯನ್ನು ನೋಡಿದಳು, ಕೈಗಡಿಯಾರವನ್ನು ನೋಡಿಕೊಂಡಳು, ಆಮೇಲೆ ಸ್ಪೀಕರನ್ನಲ್ಲ, ನನ್ನ ಅಂಗಿಯ ಜೇಬನ್ನು ನೋಡತೊಡಗಿದಳು. "ಮಾವ, ಸ್ವಲ್ಪ ಉಸಿರು ಬಿಗಿ ಹಿಡೀತೀರಾ?" ಎಂದಳು. ಹಿಡಿದೆ. ಗೆರೆ ನೆಲಕ್ಕೆ ಮಲಗಿತು. 'ಕೋಣೆ ಸಿದ್ಧವಾಗಿದೆ, ಧನ್ಯವಾದಗಳು' ಎಂದು ತಾವು ಪರದೆಯ ಮೇಲೆ ಬರೆದಿರಿ. ಮೊದಲ ಸ್ಪೀಕರ್ ಕೂಗಿತು, ಎರಡನೆಯದು ಕೂಗಿತು, ಮೂರನೆಯದರ ಸರದಿ ಬರುವಷ್ಟರಲ್ಲಿ ಇಲ್ಲಿ ಕೂತಿದ್ದ ಗದ್ದಲದ ಮೂಲ ಕೆಮ್ಮಿ ಕೆಮ್ಮಿ ಸೋಫಾದ ಕೈ ಹಿಡಿದುಕೊಂಡಿತು.

ನಿಮಿಷಕ್ಕೆ ಇಪ್ಪತ್ತೆಂಟು ಉಸಿರು, ಕೂತಲ್ಲೇ, ಎಂದು ಸೊಸೆ ಹೇಳಿದಳು. "ಏನಾಯ್ತು? ಯಾಕೆ ಎಲ್ಲಾರೂ ಇವರನ್ನೇ ನೋಡ್ತಿದೀರಾ?" ಎಂದು ನನ್ನ ಹೆಂಡತಿ ಕೇಳಿದಳು. ಆಕೆಗೆ ಬಿಡಿಸಿ ಹೇಳುವವನು ನಾನೇ; ಆ ಹೊತ್ತಿಗೆ ನನ್ನಲ್ಲಿ ಒಂದು ಸುಳ್ಳಿಗಾಗುವಷ್ಟೂ ಉಸಿರಿರಲಿಲ್ಲ.

ಮಹಾಶಯರೇ, ತಮ್ಮ ಕಿವಿಯನ್ನು ಎಷ್ಟು ಹೊಗಳಿದರೂ ಸಾಲದು. ಹಿಂದಿನ ಎಡ ಸ್ಪೀಕರು ಎರಡು ಮೀಟರು ನಲವತ್ತು ಸೆಂಟಿಮೀಟರು ದೂರದಲ್ಲಿದೆ ಎಂದು ತಾವು ಕಂಡುಹಿಡಿದದ್ದು ಟೇಪಿಗೂ ಸರಿಹೋಯಿತು. ಮುಂದಿನ ಬಲ ಸ್ಪೀಕರಿನ ವೈರುಗಳು ಅದಲುಬದಲಾಗಿವೆ ಎಂದಿರಿ, ಆಗಿದ್ದವು. ಮೂವತ್ತಾರು ವರ್ಷ ಒಂದೇ ಮಂಚದಲ್ಲಿ ಮಲಗಿದವಳು, ಒಂದೇ ಮೇಜಿನಲ್ಲಿ ಊಟ ಮಾಡುವ ಮಗ, ದಿನವೂ ಐವತ್ತು ಜನರ ನಾಡಿ ಹಿಡಿಯುವ ಸೊಸೆ, ಇವರಾರಿಗೂ ಒಂದು ವರ್ಷದಿಂದ ಕೇಳಿಸದ್ದು ತಮಗೆ ಹತ್ತು ಸೆಕೆಂಡಿನಲ್ಲಿ ಕೇಳಿಸಿತು. ಆದರೆ ಅವರಿಗೆ ಕೇಳಿಸದಿರಲೆಂದು ನಾನು ಪಟ್ಟ ಪಾಡು ತಮಗೇನು ಗೊತ್ತು? ಹೆಂಡತಿಯ ಬಲಗಿವಿಯ ಕಡೆಗೇ ಮಲಗುತ್ತಿದ್ದೆ. ಫ್ಯಾನಿಲ್ಲದ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಬೂತಿನಲ್ಲಿ ಪ್ರೊಜೆಕ್ಟರಿನ ಫ್ಯಾನು ನನ್ನ ಎದೆಯ ಸದ್ದನ್ನು ನುಂಗುತ್ತಿತ್ತು. ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದ್ದರೂ ಲಿಫ್ಟ್ ಇದೆ. ಅದನ್ನು ಸುಸ್ಥಿತಿಯಲ್ಲಿಟ್ಟಿರುವವನು ಲಿಫ್ಟ್ ಮೆಕ್ಯಾನಿಕ್ ಆದ ನನ್ನ ಮಗನೇ. ಹಾಗಾಗಿ ನಾನು ಮೆಟ್ಟಿಲು ಹತ್ತುವುದನ್ನು ಈ ಮನೆಯವರು ಯಾರೂ ನೋಡಿರಲಿಲ್ಲ. ಹನ್ನೆರಡನೆಯ ಮೆಟ್ಟಿಲಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವಂತೆ, ಇಪ್ಪತ್ತೈದರಲ್ಲಿ ಗೋಡೆಯ ಹಳೆಯ ಪೋಸ್ಟರ್ ಓದುವಂತೆ ನಿಂತು ನಿಂತು ಹೋಗುತ್ತಿದ್ದೆ. ಆ ಪೋಸ್ಟರ್ ನನಗೆ ಬಾಯಿಪಾಠವಾಗಿದೆ.

ಮುಚ್ಚಿಟ್ಟದ್ದೇಕೆಂದರೆ ಹೆದರಿಕೆಯಿಂದ, ಬೇರೇನೂ ಇಲ್ಲ. "ನೀವಿರೋವರೆಗೂ ನಡೀಲಿ, ಆಮೇಲೆ ನೋಡೋಣ" ಎಂದು ಚಿತ್ರಮಂದಿರದ ಮಾಲೀಕರು ಹೇಳಿದ್ದರು. ಆ 'ಆಮೇಲೆ' ಎಂಬುದು ನನ್ನ ಎದೆಯಿಂದಲೇ ಶುರುವಾಗುತ್ತದೆಂದು ಅವರಿಗೆ ತಿಳಿಯಬಾರದಿತ್ತು. ಮನೆಯಲ್ಲಿ ಕೂತ ಮುದುಕನಿಗೆ ಎಲ್ಲರೂ ಒಳ್ಳೆಯ ಮಾತಾಡುತ್ತಾರೆ, ದಿಂಬು ಕೊಡುತ್ತಾರೆ, ಆದರೆ ಅವನು ಬಾರದಿದ್ದರೆ ಏನೂ ನಿಂತುಹೋಗುವುದಿಲ್ಲ. ನನಗೆ ದಿಂಬು ಬೇಕಿರಲಿಲ್ಲ.

ತಮ್ಮ ವರದಿಯ ಫಲವಾಗಿ ಮರುದಿನವೇ ನನ್ನನ್ನು ಡಾಕ್ಟರ ಮುಂದೆ ಕೂರಿಸಲಾಯಿತು. ಶ್ವಾಸನಾಳ ಕಿರಿದಾಗಿದೆಯಂತೆ, ಈಗ ಬಂದದ್ದು ಒಳ್ಳೆಯದಾಯಿತು, ಇನ್ನೊಂದು ವರ್ಷ ತಡೆದಿದ್ದರೆ ಆಮ್ಲಜನಕದ ಸಿಲಿಂಡರನ್ನು ಜೊತೆಗೆ ಎಳೆದುಕೊಂಡು ತಿರುಗಬೇಕಾಗುತ್ತಿತ್ತಂತೆ. ಬೆಳಿಗ್ಗೆ ಎರಡು, ಸಂಜೆ ಎರಡು ಸಲ ಬಾಯಿಗೆ ಔಷಧಿಯ ಪಂಪ್ ಒತ್ತಿಕೊಳ್ಳಬೇಕು, ಮೂವತ್ತೆಂಟು ಮೆಟ್ಟಿಲುಗಳ ಮಾತನ್ನೇ ಎತ್ತಬಾರದು. ದಾರಿಯಲ್ಲಿ ಮಗ "ಎಷ್ಟು ಮೆಟ್ಟಿಲು ಅಂದ್ರಿ?" ಎಂದು ಇನ್ನೊಮ್ಮೆ ಕೇಳಿದ. ಹೇಳಿದೆ. ಪಟ್ಟಣದವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಕಳಿಸುವ ಅವನು ರಸ್ತೆಯ ಬದಿಗೆ ಮುಖ ತಿರುಗಿಸಿಕೊಂಡು ಬಹಳ ದೂರ ನಡೆದ. ಅವನು ಅತ್ತದ್ದು ತಮ್ಮಿಂದ. ಅದನ್ನೂ ದೂರಿಗೆ ಸೇರಿಸಿಕೊಳ್ಳಿ. ಇತ್ತ ಮನೆಯಲ್ಲಿ ನನ್ನ ಜಾಗಕ್ಕೆ ಎರಡು ದಿಂಬು, ಅದರ ಮೇಲೆ ಬಿಸ್ಕತ್ತಿನ ಡಬ್ಬವಿಟ್ಟು, ಅದರ ನೆತ್ತಿಯ ಮೇಲೆ ತಮ್ಮನ್ನು ಕೂರಿಸಿದರು. ಮೊದಲ ಪ್ರಯತ್ನದಲ್ಲೇ ಅಳತೆ ಮುಗಿಯಿತು. ಹೀಗಾಗಿ ಈ ಮನೆಯ ಮುಖ್ಯ ಕೇಳುಗ ಬಿಸ್ಕತ್ತಿನ ಡಬ್ಬ ಎಂದು ತಮ್ಮ ದಾಖಲೆಯಲ್ಲಿ ಉಳಿದಿದೆ. ನಡುವಿನ ಸ್ಪೀಕರಿನಿಂದ ಮಾತುಗಳು ಸ್ವಚ್ಛವಾಗಿ ಬರುತ್ತಿವೆ, ನನ್ನ ಹೆಂಡತಿಗೆ ಎಲ್ಲವೂ ಕೇಳಿಸುತ್ತಿದೆ. ಧಾರಾವಾಹಿಯ ಅತ್ತೆಯ ನಿಜಬಣ್ಣ ಬಯಲಾಗಿ, ಇವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಈ ಕಾರಣಗಳಿಂದ ತಮ್ಮಲ್ಲಿ ನನ್ನ ಕೆಲವು ಅರಿಕೆಗಳಿವೆ. ಆ ಭಾನುವಾರದ ಗದ್ದಲ ಫ್ರಿಜ್ಜಿನದೇ ಎಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕು. ಸ್ಪೀಕರುಗಳ ಸದ್ದನ್ನು ಏರಿಸಿ ಇಳಿಸುವ ತಮ್ಮ ವಿದ್ಯೆಯಿಂದ ಚಿತ್ರಮಂದಿರದ ಮೆಟ್ಟಿಲುಗಳನ್ನೂ ಅಳೆದು, ತಲಾ ನಾಲ್ಕು ಇಂಚು ತಗ್ಗಿಸಿ ಕೊಡಬೇಕು. ಆಗದಿದ್ದರೆ ಬೂತನ್ನೇ ನೆಲಕ್ಕಿಳಿಸಿ, ಸಭಿಕರನ್ನು ಮೇಲೆ ಕೂರಿಸಬೇಕು. ಇವೆಲ್ಲ ಕಷ್ಟವೆನ್ನಿಸಿದರೆ ಒಂದು ಚಿಕ್ಕ ಉಪಕಾರವಾದರೂ ಮಾಡಿ: ಇನ್ನೊಬ್ಬರ ಮನೆಗೆ ಹೋದಾಗ, ಅಲ್ಲಿಯೂ ಯಾರಾದರೂ ತಮ್ಮನ್ನು ಕೈಯಲ್ಲಿ ಹಿಡಿದು ಕೂತಿದ್ದರೆ, ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುವ ಮುನ್ನ ಅವರ ಕಿವಿಯಲ್ಲೊಮ್ಮೆ ಮೆಲ್ಲಗೆ ಹೇಳಿ. ಬಹುಶಃ ಅವರೇ ಎದ್ದು ಹೋಗಿ ಮನೆಯವರಿಗೆ ಹೇಳಿಯಾರು. ನಾನು ಹೇಳುತ್ತಿದ್ದೆನೇ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ತಮ್ಮ ಕೃಪೆಯಿಂದ ಇನ್ನೂ ಬಹಳ ವರ್ಷ ಬದುಕಬೇಕಾಗಿ ಬಂದಿರುವ, ಆ ತಪ್ಪಿಗಾಗಿ ತಮ್ಮನ್ನು ಎಂದೂ ಕ್ಷಮಿಸದ

ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಆಪರೇಟರ್

ತಾ.ಕ.: ಬೂತಿನ ಬೀಗದ ಕೈಯನ್ನು ಮಾಲೀಕರಿಗೆ ನಾನೇ ಒಪ್ಪಿಸಿ, ಕಾರಣವನ್ನೂ ಹೇಳಿದೆ. ಬೇರೆ ಆಪರೇಟರ್ ಸಿಗುವವರೆಗೆ ಅವರೇ ಹತ್ತುತ್ತಿದ್ದಾರೆ. ಕಳೆದ ವಾರ ಮಧ್ಯಾಹ್ನದ ಆಟಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ ಕೆಳಗೆ, ಕುರ್ಚಿಯಲ್ಲಿ ಕುಳಿತೆ. ಚಿತ್ರ ಶುರುವಾಯಿತು. ಅಂಚುಗಳು ಮಸುಕಾಗಿದ್ದವು, ಇಡೀ ಸಭಾಂಗಣದಲ್ಲಿ ಯಾರೊಬ್ಬರೂ ಗಮನಿಸಲಿಲ್ಲ. ನಾನು ಎದ್ದು ನಿಂತು, ಹಿಂದಿನ ಕಿಂಡಿಯ ಕಡೆ ತಿರುಗಿ, "ಫೋಕಸ್ ಮಾಡ್ರೀ!" ಎಂದು ಕೂಗಿದೆ. ಲೆನ್ಸ್ ತಿರುಗಿತು, ಚಿತ್ರ ಸರಿಹೋಯಿತು. ಆಮೇಲೆ ಕುಳಿತು, ಯಾರಿಗೂ ಮುಚ್ಚಿಡದೆ, ಬಾಯಿ ತೆರೆದು, ಸಾಕಾಗುವಷ್ಟು ಹೊತ್ತು ಏದುಸಿರು ಬಿಟ್ಟೆ. ಮುಂದಿನ ಸಾಲಿನವರೆಲ್ಲ ಹಿಂತಿರುಗಿ ನೋಡಿದರು. ಅವರಿಗೆ ಯಾವ ಮೈಕೂ ಬೇಕಾಗಲಿಲ್ಲ.